ಎರಡು ಕೈ ಸುಣ್ಣ

ಇಪ್ಪತ್ತೆರಡನೇ ನಂಬರಿನ ಟ್ರಾಮಿನಿಂದ ಇಳಿಯುವಾಗ
ಅಪ್ಪ ನನ್ನ ತೋಳು ಹಿಡಿಯಲಿಲ್ಲ.
ಎಂಬತ್ತೊಂದು ವರ್ಷ. ಎಡಗಣ್ಣು ಹೋಗಿ ಮೂವತ್ತೆಂಟು.
ಬಲಗಣ್ಣಿನ ಪೊರೆ ತೆಗೆಸಿ ಇವತ್ತಿಗೆ ಒಂಬತ್ತು ದಿನ.
ಪಟ್ಟಿ ಬಿಚ್ಚುತ್ತ ಡಾಕ್ಟರು ಕೇಳಿದ್ದರು:
ಮೊದಲು ಏನು ನೋಡಬೇಕು, ವ್ರಾತಿಸ್ಲಾವ್?
ನದಿ ಅಂದಾನು, ಅಮ್ಮನ ಸಮಾಧಿ ಅಂದಾನು ಅಂತ ನಾನಿದ್ದೆ.
ಆ ಗೋಡೆ, ಅಂದ.

ಸೇತುವೆ ದಾಟಿ, ಹಳೆ ಗಿರಣಿಯ ಚಕ್ರ ದಾಟಿ,
ಬಾತುಗಳಿಗೆ ಬ್ರೆಡ್ಡು ಎಸೆಯುವ ಮುದುಕಿಯನ್ನು ದಾಟಿ
ಅಲ್ಲಿ.
ಬಣ್ಣವೆಂದರೆ ಬಣ್ಣ.
ಬಾಣ ಚುಚ್ಚಿದ ಹೃದಯ, ಯಾರದೋ ಊರಿನ ಬಾವುಟ,
ಫುಟ್‌ಬಾಲ್ ತಂಡ, ಮದುವೆಯ ತಾರೀಖು,
ಅದರ ಮೇಲೆ ಯಾವುದೋ ಯುದ್ಧ ನಿಲ್ಲಿಸಿ ಎಂಬ ಕೂಗು,
ಕೂಗಿನ ಮೇಲೆ ಒಂದು ಹಸಿರು ಬೆಕ್ಕು.
ಬಿಳಿ ಗೌನಿನ ಹುಡುಗಿಯೊಬ್ಬಳು
ಬೆಕ್ಕಿಗೊರಗಿ ಫೋಟೋಕ್ಕೆ ನಿಂತಿದ್ದಳು.

ನನ್ನ ಕಾಲಕ್ಕೆ ಇಲ್ಲಿ ಇಷ್ಟು ಬಣ್ಣವಿರಲಿಲ್ಲ.
ಇದ್ದಿಲು, ಕದ್ದ ಸೀಮೆಸುಣ್ಣ, ಬೂಟ್ ಪಾಲಿಶು.
ಗೋಡೆಗಳಿಗೆಲ್ಲ ಕಿವಿಯಿದ್ದ ಪ್ರಾಗ್‌ನಲ್ಲಿ
ಇದೊಂದಕ್ಕೆ ಬಾಯಿತ್ತು,
ಅದೂ ರಾತ್ರಿ ಮಾತ್ರ.
ಬೆಳಗಾಗುವಷ್ಟರಲ್ಲಿ ಯಾರೋ ಬಂದು
ಸುಣ್ಣ ಮೆತ್ತಿ ಹೋಗಿರುತ್ತಿದ್ದರು.

ಹದಿನಾರರಲ್ಲಿ ನಾನೂ ಬರೆದೆ. ಎರಡೇ ಪದ:
ರಾದಿಮ್ ಎಲ್ಲಿ?
ನನ್ನ ತರಗತಿಯವನು, ಯಾವ ಬೀಗವನ್ನಾದರೂ ಬಿಚ್ಚುವವನು.
ಕಾಗದ ಹಂಚಿದನೆಂದು ಗಣಿತದ ಪಾಠದ ನಡುವೆ ಕರೆದೊಯ್ದಿದ್ದರು.
ಬೆಳಗ್ಗೆ ಸುತ್ತುದಾರಿ ಹಿಡಿದು ಬಂದು ನೋಡಿದರೆ
ಹಸಿ ಬಿಳುಪು. ಇನ್ನೂ ಜಿನುಗುತ್ತಿತ್ತು.

ಆ ರಾತ್ರಿ ಊಟಕ್ಕೆ ಕೂತು ಶಪಿಸಿದೆ:
ಆ ಸುಣ್ಣದವನ ಕೈ ಸೇದಿಹೋಗಲಿ.
ಅಮ್ಮ ತಟ್ಟೆ ನೋಡುತ್ತಿದ್ದಳು.
ಅಪ್ಪ ಹಿಟ್ಟಿನುಂಡೆಯನ್ನು ನಾಲ್ಕಾಗಿ ಮುರಿದು
ಸಾರಿನಲ್ಲಿ ಅದ್ದಿ ಒಂದೊಂದಾಗಿ ತಿಂದ.
ಪುರಸಭೆಯ ರಿಪೇರಿ ಇಲಾಖೆ, ರಾತ್ರಿ ಪಾಳಿ.
ಪೈಪುಗಳ ಕೆಲಸವೆಂದುಕೊಂಡಿದ್ದೆ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುತ್ತಾರೆ.
ಅವನಿಗೆ ಬೆಣ್ಣೆಯ ಕಣ್ಣೇ ಇರಲಿಲ್ಲ.
ಬಕೆಟ್ಟು ಜಾರಿ ಸುಣ್ಣ ಸಿಡಿದಾಗ
ಮೇಸ್ತ್ರಿ ಕುಬಾತ್ ಮೊದಲು ಕೇಳಿದ್ದು:
ಗೋಡೆ ಮುಗಿಯಿತಾ?

ಇದೆಲ್ಲ ನನಗೆ ತಿಳಿದದ್ದು ಸರ್ಕಾರ ಬದಲಾಗಿ ಎಷ್ಟೋ ವರ್ಷಕ್ಕೆ,
ಒಂದು ಪಿಂಚಣಿಯ ಕಾಗದದಲ್ಲಿ.
ನಾವು ಅದರ ಮಾತೆತ್ತಲಿಲ್ಲ.
ಮಾತೆತ್ತದಿರುವುದು ನಮ್ಮ ಮನೆಯ ನಡುವೆ ಒಂದು ಬೀರು;
ಮೊಣಕಾಲು ತಾಕಿಸಿಕೊಂಡೇ ಎಲ್ಲರೂ ಓಡಾಡಿದೆವು.

ಇವತ್ತು ಗೋಡೆಯುದ್ದಕ್ಕೂ ಹೆಜ್ಜೆ ಎಣಿಸುತ್ತ ನಡೆದ.
ಹದಿನೇಳಕ್ಕೆ ನಿಂತ.
ಇಲ್ಲಿ, ಅಂದ. ಆಗಿನ ನಿನ್ನ ಭುಜದ ಎತ್ತರ.
ನಿನ್ನ ಆರ್ ಅಕ್ಷರ ಯಾವಾಗಲೂ ಎಡಕ್ಕೆ ವಾಲುತ್ತಿತ್ತು, ಜ್ದೆನಾ.
ಆರು ಗಂಟೆಗೆ ಕ್ಯಾಮೆರಾದವರು ಬರುತ್ತಿದ್ದರು, ಕೈಬರಹ ಹಿಡಿಯಲಿಕ್ಕೆ.
ಉಳಿದವಕ್ಕೆಲ್ಲ ಒಂದು ಕೈ ಸುಣ್ಣ.
ನಿನ್ನದಕ್ಕೆ ಎರಡು.

ಒಂದೇ ಕೈಯ ಕೆಳಗೆ ಮಸುಕುಮಸುಕಾಗಿ
ಕಾಣುತ್ತಲೇ ಇದ್ದವರು? ಬೇರೆಯವರ ಮಕ್ಕಳು?
ಕೇಳಬಾರದಿತ್ತು. ಕೇಳಿದೆ.
ಒಂಬತ್ತು ದಿನದ ಕಣ್ಣು ನನ್ನತ್ತ ತಿರುಗಿತು,
ಮತ್ತೆ ಗೋಡೆಯತ್ತ.

(ರಾದಿಮ್ ಹನ್ನೊಂದು ತಿಂಗಳಿಗೆ ಮರಳಿದ.
ಈಗ ಓಸ್ತ್ರಾವಾದಲ್ಲಿ ಬೀಗದಂಗಡಿ.
ಅವನನ್ನು ಯಾರೋ ಹುಡುಕಿದ್ದರೆಂದು
ಅವನಿಗೆ ಇಂದಿಗೂ ಗೊತ್ತಿಲ್ಲ.)

ಬೆಕ್ಕಿನ ಬಾಲದ ಹತ್ತಿರ ಬಣ್ಣ ಸಿಪ್ಪೆಯೆದ್ದಿತ್ತು.
ಅಪ್ಪ ಉಗುರಿನಿಂದ ಮೀಟಿದ. ಬಿಸ್ಕತ್ತಿನಷ್ಟು ದಪ್ಪದ ಚೂರು.
ಅಡ್ಡ ಹಿಡಿದರೆ ಪದರ ಪದರ: ಕೆಂಪು, ನೀಲಿ, ಕಪ್ಪು,
ತಳದಲ್ಲಿ ಕೂದಲೆಳೆಯಂಥ ಬಿಳಿಗೆರೆಗಳು.
ಇದು ನಂದು, ಅಂದ. ಇದೂ ನಂದು. ಇದೂ.
ಅಂಗಡಿಯಲ್ಲಿ ಚಿಲ್ಲರೆ ಎಣಿಸುವ ದನಿ.

ಆಮೇಲೆ ಅಂಗೈಯನ್ನು ಗೋಡೆಗಿಟ್ಟ.
ಕೈ ತನ್ನಷ್ಟಕ್ಕೇ ಮೇಲಕ್ಕೆ, ಕೆಳಕ್ಕೆ,
ಮೇಲಕ್ಕೆ, ಕೆಳಕ್ಕೆ.
ಪ್ರಾರ್ಥನೆಯೆಂದುಕೊಂಡು
ಗೌನಿನ ಹುಡುಗಿ ಒಂದು ಫೋಟೋ ತೆಗೆದಳು.

ಅವಳ ಬೆನ್ನಿಗೆಲ್ಲ ಹಸಿ ಹಸಿರು ಮೆತ್ತಿಕೊಂಡಿತ್ತು.
ನಾವಿಬ್ಬರೂ ನೋಡಿದೆವು.
ಯಾರೂ ಹೇಳಲಿಲ್ಲ.